ಚಳಿಗಾಲದಲ್ಲಿ ಸಣ್ಣ ಬೆಟ್ಟ ಹತ್ತುವವರಿಗೆ: ಹೊರಡುವ ಮೊದಲಿನಿಂದ ಇಳಿದು ಬರುವ ತನಕ

ಎಲ್ಲರೂ ಹತ್ತುವ ಒಂದು ಸಣ್ಣ ಬೆಟ್ಟ ಇರುತ್ತದೆ ಅಲ್ವಾ. ಬೇಸಿಗೆಯಲ್ಲಿ ಅಲ್ಲಿ ಮಕ್ಕಳು ಓಡಾಡುತ್ತಾರೆ, ವಯಸ್ಸಾದವರು ಕೋಲೂರಿಕೊಂಡು ನಿಧಾನಕ್ಕೆ ತುದಿ ಮುಟ್ಟಿ ಮಧ್ಯಾಹ್ನದೊಳಗೆ ಇಳಿದು ಬರುತ್ತಾರೆ, ಚಪ್ಪಲಿಯಲ್ಲಿ ಬಂದವರೂ ಸಿಗುತ್ತಾರೆ. ಅದೇ ಬೆಟ್ಟಕ್ಕೆ ಹಿಮ ಬಿದ್ದಾಗ ಒಮ್ಮೆ ಹೋಗೋಣ ಅಂತ ಅನ್ನಿಸುತ್ತದೆ. ಹೋಗಿ, ಖಂಡಿತ ಹೋಗಿ. ಗಾಳಿ ಇಲ್ಲದ, ಬಿಸಿಲಿರುವ ಚಳಿಗಾಲದ ಬೆಳಿಗ್ಗೆ ತುದಿಯಲ್ಲಿ ನಿಂತರೆ ಕಾಣುವುದು ಬೇಸಿಗೆಯಲ್ಲಿ ಕಾಣುವುದಿಲ್ಲ.

ಆದರೆ ಅದು ನಿಮಗೆ ಗೊತ್ತಿರುವ ಬೆಟ್ಟ ಅಲ್ಲ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಚಳಿಗಾಲದಲ್ಲಿ ಹತ್ತಿರ ಹೋದರೂ ನುಣ್ಣಗೇ ಇರುತ್ತದೆ, ಕಾಲಿಟ್ಟರೆ ಜಾರುವಷ್ಟು. ಸಣ್ಣ ಬೆಟ್ಟದಲ್ಲಿ ತೊಂದರೆಗೆ ಸಿಕ್ಕಿಕೊಳ್ಳುವವರು ಬೆಟ್ಟ ದೊಡ್ಡದು ಅಂತ ಸಿಕ್ಕಿಕೊಳ್ಳುವುದಿಲ್ಲ. ಹೋದ ಸಲ ಎರಡು ಗಂಟೆಯಲ್ಲಿ ಹತ್ತಿದ್ದೆ ಅನ್ನುವ ನೆನಪು ಅವರನ್ನು ಸಿಕ್ಕಿಸುತ್ತದೆ.

ಇಷ್ಟು ವರ್ಷ ಹತ್ತಿಳಿದು ನಾನು ಕಲಿತಿದ್ದು ಎರಡೇ ವಿಷಯ. ಒಂದು, ಮೈ ಬೆವರಬಾರದು. ಎರಡು, ವಾಪಸ್ ತಿರುಗುವ ಹೊತ್ತನ್ನು ಮನೆಯಲ್ಲೇ ಗೊತ್ತು ಮಾಡಿಕೊಳ್ಳಬೇಕು. ಉಳಿದ ತಯಾರಿಯೆಲ್ಲ ಈ ಎರಡರ ಸುತ್ತಲೇ ಇರುತ್ತದೆ.

ಎರಡು ದಿನ ಮೊದಲು: ಹವಾಮಾನ ಮತ್ತು ಲೆಕ್ಕ

ಹವಾಮಾನ ನೋಡುವಾಗ ಹೆಚ್ಚಿನವರು ಬೆಟ್ಟದ ಬುಡದ ಊರಿನದ್ದನ್ನು ನೋಡುತ್ತಾರೆ. ನಿಮಗೆ ಬೇಕಿರುವುದು ತುದಿಯದ್ದು. ಸರಾಸರಿ ಲೆಕ್ಕದಲ್ಲಿ 1000 ಮೀಟರ್ ಮೇಲೆ ಹೋದರೆ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಅಂದರೆ 600 ಮೀಟರ್ ಹತ್ತಿದರೆ ಸುಮಾರು 4 ಡಿಗ್ರಿ. ಇಷ್ಟೇನಾ ಅನ್ನಿಸಬಹುದು. ಆದರೆ ತುದಿಯಲ್ಲಿ ಮರ ಇರುವುದಿಲ್ಲ, ಗಾಳಿಗೆ ಅಡ್ಡ ಏನೂ ಇರುವುದಿಲ್ಲ. ತಾಪಮಾನ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದು, ಗಾಳಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದ್ದರೆ, ಬರೀ ಚರ್ಮಕ್ಕೆ ಅದು ಸೊನ್ನೆಗಿಂತ 14 ಡಿಗ್ರಿ ಕೆಳಗಿದ್ದ ಹಾಗೆ ತಟ್ಟುತ್ತದೆ. ಆದ್ದರಿಂದ ತಾಪಮಾನದ ಅಂಕಿಗಿಂತ ಮೊದಲು ಗಾಳಿಯ ಅಂಕಿ ನೋಡಿ. ಗಾಳಿ ಜಾಸ್ತಿ ಇರುವ ದಿನ ಬೆಟ್ಟ ಬಿಟ್ಟು ಕಾಡಿನ ಒಳಗಿನ ದಾರಿಯಲ್ಲಿ ನಡೆದು ಬನ್ನಿ, ಅದೂ ಚೆನ್ನಾಗಿರುತ್ತದೆ.

ಹಿಂದಿನ ಮೂರ್ನಾಲ್ಕು ದಿನ ಏನಾಗಿತ್ತು ಅಂತಲೂ ನೋಡಿ. ಹಿಮ ಬಿದ್ದು, ಮೇಲೆ ಒಂದು ದಿನ ಬಿಸಿಲು ಕಾದು ಅಥವಾ ಮಳೆ ಹನಿದು, ಆಮೇಲೆ ರಾತ್ರಿ ಗಡಗಡ ಚಳಿ ಬಿದ್ದಿದ್ದರೆ ದಾರಿ ಪೂರ್ತಿ ಗಾಜಾಗಿರುತ್ತದೆ. ನಿನ್ನೆ ರಾತ್ರಿ ಹೊಸ ಹಿಮ ಬಿದ್ದಿದ್ದರೆ ಬೇರೆ ಕಥೆ. ಜಾರುವುದು ಕಡಿಮೆ, ಆದರೆ ದಾರಿ ತುಳಿಯುವ ಕೆಲಸ ನಿಮ್ಮದು, ಸುಸ್ತು ದುಪ್ಪಟ್ಟು.

ಹಿಮಕುಸಿತದ ಸೂಚನೆ ಕೊಡುವ ವ್ಯವಸ್ಥೆ ಅಲ್ಲಿ ಇದ್ದರೆ ಅದನ್ನು ತಪ್ಪದೆ ಓದಿ. ಸಣ್ಣ ಬೆಟ್ಟದಲ್ಲಿ ಎಲ್ಲಿಯ ಹಿಮಕುಸಿತ ಅಂತ ಬಿಡಬೇಡಿ. ಬೆಟ್ಟದ ಎತ್ತರಕ್ಕಿಂತ ಇಳಿಜಾರಿನ ಕೋನ ಮುಖ್ಯ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಹಿಮ ಜಾರುವ ಸಾಧ್ಯತೆ ಜಾಸ್ತಿ, ಮತ್ತು ಆ ಥರದ ಒಂದು ಕೊರಕಲು ಸಣ್ಣ ಬೆಟ್ಟದ ಪಕ್ಕದಲ್ಲೂ ಇರಬಹುದು. ನಿಮ್ಮ ದಾರಿ ಅಂಥ ಜಾಗದ ಕೆಳಗೆ ಅಥವಾ ಅಡ್ಡ ಹಾದುಹೋಗುತ್ತದಾ ಅಂತ ನಕ್ಷೆಯಲ್ಲಿ ನೋಡಿಕೊಳ್ಳಿ. ಹೋಗುತ್ತದೆ ಅಂತಾದರೆ, ಹಿಮದ ಬಗ್ಗೆ ಕಲಿಯದೆ ಹೋಗಬೇಡಿ, ಬೇರೆ ದಾರಿ ಹಿಡಿಯಿರಿ.

ಈಗ ಹೊತ್ತಿನ ಲೆಕ್ಕ. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟಗಾರ ಒಂದು ಸರಳ ಸೂತ್ರ ಕೊಟ್ಟ, ಅದನ್ನು ಇವತ್ತಿಗೂ ಬಳಸುತ್ತಾರೆ. ಸುಮಾರು 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರುವುದು 8 ಕಿಲೋಮೀಟರ್, ಏರು 600 ಮೀಟರ್ ಅಂತಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಸುಮಾರು 2 ಗಂಟೆ 36 ನಿಮಿಷ. ಇದು ಒಣ ನೆಲದಲ್ಲಿ, ನಿಲ್ಲದೆ ನಡೆದರೆ. ಹಿಮದಲ್ಲಿ ನಾನು ಇದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡುತ್ತೇನೆ, ಅಂದರೆ 4ರಿಂದ 5 ಗಂಟೆ. ಬಟ್ಟೆ ಬದಲಿಸಲು, ತಿನ್ನಲು, ಜಾರದ ಹಾಗೆ ಶೂಗೆ ಉಕ್ಕಿನ ಮುಳ್ಳು ಕಟ್ಟಲು ಇನ್ನೊಂದು ಗಂಟೆ ಸೇರಿಸಿ. ಒಟ್ಟು 6 ಗಂಟೆ ಅಂತ ಮನಸ್ಸಿನಲ್ಲಿರಲಿ.

ಸೂರ್ಯ 4:30ಕ್ಕೆ ಮುಳುಗುವ ದಿನ ಅಂತಾದರೆ 3:30ಕ್ಕೆ ನೀವು ಕೆಳಗೆ ಇರಬೇಕು. ಇಳಿಯಲು ಎರಡು ಗಂಟೆ ಬೇಕು. ಹಾಗಾದರೆ 1:30 ಕೊನೆಯ ಗಡಿ. ನಾನಾದರೆ 12:30 ಅಂತ ಬರೆದುಕೊಳ್ಳುತ್ತೇನೆ. ತುದಿ ಸಿಗಲಿ ಸಿಗದಿರಲಿ, 12:30ಕ್ಕೆ ತಿರುಗುವುದು. ಈ ಹೊತ್ತನ್ನು ಬೆಟ್ಟದ ಮೇಲೆ ನಿರ್ಧಾರ ಮಾಡಲು ಹೋಗಬೇಡಿ. ಅಲ್ಲಿ ತುದಿ ಕಣ್ಣೆದುರು ಇರುತ್ತದೆ, ಇನ್ನು ಇಪ್ಪತ್ತೇ ನಿಮಿಷ ಅನ್ನಿಸುತ್ತದೆ, ಜೊತೆಗಿರುವವರೂ ಹಾಗೇ ಅನ್ನುತ್ತಾರೆ. ಮನೆಯಲ್ಲಿ, ಬೆಚ್ಚಗೆ ಕೂತು ಮಾಡಿದ ನಿರ್ಧಾರವೇ ಸರಿಯಾಗಿರುತ್ತದೆ.

ಒಂದು ಮಾತು ನೆನಪಿಡಿ. 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ವರ್ಷದ ಅತಿ ಚಿಕ್ಕ ಹಗಲು 9 ಗಂಟೆಯೂ ಇರುವುದಿಲ್ಲ. ಅದರಲ್ಲೂ ಬೆಟ್ಟದ ನೆರಳು ಬೀಳುವ ಮಗ್ಗುಲಲ್ಲಿ ಸೂರ್ಯ ಮುಳುಗುವುದಕ್ಕೆ ಬಹಳ ಮೊದಲೇ ಬಿಸಿಲು ಹೋಗಿ ಚಳಿ ಕೂರುತ್ತದೆ.

ಬಟ್ಟೆ: ಬೆಚ್ಚಗೆ ಅಲ್ಲ, ಒಣಗಿರಬೇಕು

ಹೊಸಬರು ಮಾಡುವ ತಪ್ಪು ಕಡಿಮೆ ಬಟ್ಟೆ ಹಾಕಿಕೊಳ್ಳುವುದಲ್ಲ, ಜಾಸ್ತಿ ಹಾಕಿಕೊಳ್ಳುವುದು. ದಪ್ಪ ಜಾಕೆಟ್ ತೊಟ್ಟು ಏರು ಹತ್ತಲು ಶುರು ಮಾಡುತ್ತಾರೆ, ಹತ್ತು ನಿಮಿಷದಲ್ಲಿ ಬೆನ್ನು ನೆನೆಯುತ್ತದೆ. ನಡೆಯುತ್ತಿರುವ ತನಕ ಏನೂ ಗೊತ್ತಾಗುವುದಿಲ್ಲ. ನಿಂತ ಮೇಲೆ ಗೊತ್ತಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒದ್ದೆ ಬನಿಯನ್ ತೊಟ್ಟು ಗಾಳಿಯಲ್ಲಿ ನಿಂತರೆ ಮೈಗೆ ತಣ್ಣೀರಿನ ಬಟ್ಟೆ ಸುತ್ತಿಕೊಂಡ ಹಾಗೆಯೇ.

ಒಂದು ಸಲ ನನ್ನ ಕಣ್ಣಾರೆ ನೋಡಿದ್ದೇನೆ. ಜೊತೆಗೆ ಬಂದಿದ್ದ ಗೆಳೆಯ ಹತ್ತಿ ಬನಿಯನ್ ಮೇಲೆ ದಪ್ಪ ಸ್ವೆಟರ್, ಅದರ ಮೇಲೆ ಜಾಕೆಟ್ ಹಾಕಿಕೊಂಡು ನನಗಿಂತ ಮುಂದೆ ಮುಂದೆ ಹತ್ತಿದ. ತುದಿಯಲ್ಲಿ ಫೋಟೋ ತೆಗೆಯುತ್ತಾ ಇಪ್ಪತ್ತು ನಿಮಿಷ ನಿಂತೆವು. ಹೊರಡೋಣ ಅಂದಾಗ ಅವನು ಜಾಕೆಟ್ಟಿನ ಜಿಪ್ ಹಿಡಿದುಕೊಂಡು ನಿಂತಿದ್ದ. ಬೆರಳು ಜಿಪ್ಪಿನ ತುದಿಯನ್ನು ಮುಟ್ಟುತ್ತಿತ್ತು, ಹಿಡಿಯುತ್ತಿರಲಿಲ್ಲ. ಮೂರು ಸಲ ಪ್ರಯತ್ನ ಮಾಡಿ, ಕೊನೆಗೆ ಏನೂ ಹೇಳದೆ ಸುಮ್ನೆ ನನ್ನ ಮುಖ ನೋಡಿದ. ನಾನೇ ಜಿಪ್ ಎಳೆದೆ, ಒಳಗೆ ಕೈ ಹಾಕಿದರೆ ಬನಿಯನ್ ಹಿಂಡಬಹುದು ಅನ್ನುವಷ್ಟು ಒದ್ದೆ. ಅವನ ಬಟ್ಟೆ ಬದಲಿಸಿ, ನನ್ನ ಹತ್ತಿರ ಇದ್ದ ಒಣ ಅಂಗಿ ತೊಡಿಸಿ, ಬೇಗ ಬೇಗ ಮರಗಳ ಮರೆಗೆ ಇಳಿಸಿಕೊಂಡು ಬಂದೆ. ಆವತ್ತಿನಿಂದ ಒಂದು ಒಣ ಅಂಗಿ ಹೆಚ್ಚಿಗೆ ಇಟ್ಟುಕೊಳ್ಳದೆ ನಾನು ಹೋಗುವುದಿಲ್ಲ.

ಹತ್ತಿ ಬಟ್ಟೆ ಬೇಡ. ಬನಿಯನ್, ಒಳಚಡ್ಡಿ, ಸಾಕ್ಸ್, ಯಾವುದೂ ಹತ್ತಿಯದ್ದು ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದಿಲ್ಲ. ಮೈಗೆ ತಾಗುವ ಪದರಕ್ಕೆ ಉಣ್ಣೆ ಅಥವಾ ಪಾಲಿಯೆಸ್ಟರ್. ಅದರ ಮೇಲೆ ತೆಳು ಫ್ಲೀಸ್, ಅಂದರೆ ಮೆತ್ತಗಿನ ಸಿಂಥೆಟಿಕ್ ಬಟ್ಟೆಯ ಅಂಗಿ. ಎಲ್ಲಕ್ಕೂ ಮೇಲೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್, ಇದು ತೆಳುವಾಗಿದ್ದರೂ ಸಾಕು. ನಾಲ್ಕನೆಯದು ತುಪ್ಪುಳ ತುಂಬಿದ ದಪ್ಪ ಜಾಕೆಟ್, ಅದು ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕು, ನಿಂತಾಗ ಮಾತ್ರ ಹಾಕಿಕೊಳ್ಳುವುದು.

ಗಾಡಿಯಿಂದ ಇಳಿದು ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಆಗುತ್ತಿದ್ದರೆ ಬಟ್ಟೆ ಸರಿ ಇದೆ ಅಂತ ಅರ್ಥ. ಬೆಚ್ಚಗೆ, ಹಾಯಾಗಿ ಅನ್ನಿಸುತ್ತಿದ್ದರೆ ಒಂದು ಪದರ ಬಿಚ್ಚಿ ಬ್ಯಾಗಿಗೆ ಹಾಕಿ. ಹತ್ತು ಹದಿನೈದು ನಿಮಿಷ ನಡೆದ ಮೇಲೆ ತಪ್ಪದೆ ನಿಂತು ಇನ್ನೊಮ್ಮೆ ನೋಡಿ, ಕುತ್ತಿಗೆಯ ಹಿಂದೆ ಕೈ ಹಾಕಿ, ಒದ್ದೆ ಅನ್ನಿಸಿದರೆ ಇನ್ನೊಂದು ತೆಗೆಯಿರಿ ಅಥವಾ ನಡಿಗೆ ನಿಧಾನ ಮಾಡಿ. ಮಾತಾಡುತ್ತಾ ನಡೆಯಲು ಆಗುವ ವೇಗ ಸರಿಯಾದ ವೇಗ. ಟೋಪಿ ತೆಗೆದು ಹಾಕುವುದರಿಂದಲೇ ಎಷ್ಟೋ ಸರಿಹೋಗುತ್ತದೆ, ಅದಕ್ಕೆ ನಿಲ್ಲಬೇಕಾಗಿಯೂ ಇಲ್ಲ.

ಕೈಗೆ ಎರಡು ಜೊತೆ ಗವಸು ಬೇಕು, ಒಂದು ಒದ್ದೆ ಆಗಿಯೇ ಆಗುತ್ತದೆ. ಒಂದು ತೆಳು, ಬೆರಳು ಬೇರೆ ಬೇರೆ ಇರುವಂಥದ್ದು, ಬಕಲ್ ಹಾಕಲು ಫೋನ್ ತೆಗೆಯಲು. ಇನ್ನೊಂದು ಬೆರಳೆಲ್ಲ ಒಟ್ಟಿಗೆ ಇರುವ ದಪ್ಪ ಗವಸು, ಬೆರಳಿಗೆ ಬೆರಳು ತಾಗಿಕೊಂಡಿದ್ದರೆ ಬೆಚ್ಚಗಿರುತ್ತದೆ. ಕಾಲಿಗೆ ಉಣ್ಣೆಯ ಸಾಕ್ಸ್ ಒಂದೇ ಜೊತೆ. ಎರಡೆರಡು ಸಾಕ್ಸ್ ಹಾಕಿ ಶೂ ಬಿಗಿಯಾದರೆ ರಕ್ತ ಓಡಾಡದೆ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಶೂ ಒಳಗೆ ಹೆಬ್ಬೆರಳು ಆಡಿಸಲು ಜಾಗ ಇರಬೇಕು.

ಬ್ಯಾಗಿನಲ್ಲಿ ಏನೇನು

ಎಲ್ಲವನ್ನೂ ಹೇಳುತ್ತಾ ಹೋಗುವುದಿಲ್ಲ, ಜನ ಬಿಟ್ಟು ಬರುವುದನ್ನು ಮಾತ್ರ ಹೇಳುತ್ತೇನೆ.

ತಲೆಗೆ ಕಟ್ಟುವ ಟಾರ್ಚ್. ಬೆಳಿಗ್ಗೆ ಎಂಟಕ್ಕೆ ಹೊರಡುತ್ತಿದ್ದರೂ, ಮಧ್ಯಾಹ್ನಕ್ಕೆ ಬರುವ ಲೆಕ್ಕ ಇದ್ದರೂ, ಪ್ರತಿಯೊಬ್ಬರ ಬ್ಯಾಗಿನಲ್ಲೂ ಒಂದೊಂದು. ಐದು ಜನಕ್ಕೆ ಒಂದು ಟಾರ್ಚ್ ಇದ್ದರೆ ನಾಲ್ಕು ಜನ ಕತ್ತಲಲ್ಲಿ ಮಂಜುಗಡ್ಡೆ ಮೇಲೆ ಇಳಿಯಬೇಕಾಗುತ್ತದೆ. ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ. ಕೈಯಲ್ಲಿ ಹಿಡಿಯಬೇಕು, ಚಳಿಗೆ ಫೋನಿನ ಬ್ಯಾಟರಿ ನೋಡನೋಡುತ್ತಲೇ ಇಳಿಯುತ್ತದೆ, 40 ಶೇಕಡಾ ತೋರಿಸುತ್ತಿದ್ದ ಫೋನ್ ದಿಢೀರ್ ಅಂತ ಆಫ್ ಆಗಬಹುದು. ಫೋನನ್ನು ಒಳಗಿನ ಜೇಬಿನಲ್ಲಿ, ಮೈಗೆ ತಾಗಿಕೊಂಡಿರುವ ಹಾಗೆ ಇಡಿ. ಬೇಡದಾಗ ಏರೋಪ್ಲೇನ್ ಮೋಡ್‌ಗೆ ಹಾಕಿ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕಾಗದದ ನಕ್ಷೆ ಒಂದು ಇದ್ದರೆ ಇನ್ನೂ ಒಳ್ಳೆಯದು. ಟಾರ್ಚಿಗೆ ಬಿಸಾಡುವ ಬ್ಯಾಟರಿ ಹಾಕುವುದಾದರೆ ಮಾಮೂಲಿ ಆಲ್ಕಲೈನ್‌ಗಿಂತ ಲಿಥಿಯಂ ಚಳಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಟಾರ್ಚಿಗೆ ಅದು ಆಗುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಕೂರಲು ಒಂದು ತುಂಡು ಫೋಮ್ ಹಾಸು. ಹಗುರ, ಯಾರೂ ತರುವುದಿಲ್ಲ. ಹಿಮದ ಮೇಲೆ ಕೂತರೆ ಕೆಳಗಿನಿಂದ ಚಳಿ ಏರುತ್ತದೆ. ಯಾರಿಗಾದರೂ ಕಾಲು ಉಳುಕಿ ಕಾಯುತ್ತಾ ಕೂರಬೇಕಾಗಿ ಬಂದರೆ ಈ ತುಂಡು ಹಾಸಿನ ಬೆಲೆ ಗೊತ್ತಾಗುತ್ತದೆ. ಅದರ ಜೊತೆ ಮಡಚಿದರೆ ಅಂಗೈಯಲ್ಲಿ ಹಿಡಿಯುವ ಬೆಳ್ಳಿ ಬಣ್ಣದ ತುರ್ತು ಹೊದಿಕೆ, ಒಂದು ಸೀಟಿ, ಬ್ಯಾಂಡೇಜು.

ನೀರು ಕುಡಿಯುವುದನ್ನು ಚಳಿಯಲ್ಲಿ ಎಲ್ಲರೂ ಮರೆಯುತ್ತಾರೆ, ಯಾಕೆಂದರೆ ಬಾಯಾರುವುದಿಲ್ಲ. ಆದರೆ ಒಣ ತಣ್ಣನೆ ಗಾಳಿ ಎಳೆದುಕೊಂಡು ಬಿಸಿ ಉಸಿರು ಬಿಡುವಾಗೆಲ್ಲ ಮೈಯ ನೀರು ಹೋಗುತ್ತಿರುತ್ತದೆ. ಬಾಯಿಂದ ಬರುವ ಆ ಹೊಗೆ ಇದೆಯಲ್ಲ, ಅದೇ ನೀರು. ನೀರಿನ ಕೊಳವೆ ಇರುವ ಚೀಲ ತರಬೇಡಿ, ಕೊಳವೆಯಲ್ಲಿ ಮೊದಲು ಗಡ್ಡೆ ಕಟ್ಟುತ್ತದೆ. ಅಗಲ ಬಾಯಿಯ ಬಾಟಲಿಗೆ ಬಿಸಿನೀರು ತುಂಬಿ, ಉಣ್ಣೆ ಸಾಕ್ಸಿನೊಳಗೆ ತೂರಿಸಿ, ಬ್ಯಾಗಿನಲ್ಲಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ನೀರಿನ ಮೇಲ್ಭಾಗದಲ್ಲಿ ಕಟ್ಟುತ್ತದೆ, ಬಾಟಲಿ ತಲೆಕೆಳಗಿದ್ದರೆ ಅದು ತಳದ ಕಡೆ ಕಟ್ಟುತ್ತದೆ, ಮುಚ್ಚಳ ತೆಗೆಯಲು ಬರುತ್ತದೆ. ಮುಚ್ಚಳ ಸೋರದ್ದಾಗಿರಲಿ, ಮನೆಯಲ್ಲೇ ತಿರುಗಿಸಿಟ್ಟು ನೋಡಿ. ಫ್ಲಾಸ್ಕಿನಲ್ಲಿ ಬಿಸಿಯಾಗಿ ಸಿಹಿಯಾಗಿ ಏನಾದರೂ ಒಂದಿಷ್ಟು ಇರಲಿ, ಅದನ್ನು ಬೇಗ ಖಾಲಿ ಮಾಡಬೇಡಿ. ಹಿಮ ತಿಂದು ಬಾಯಾರಿಕೆ ಕಳೆಯಲು ಹೋಗಬೇಡಿ, ಅದನ್ನು ಕರಗಿಸಲು ನಿಮ್ಮ ಮೈಯ ಬಿಸಿಯೇ ಖರ್ಚಾಗುತ್ತದೆ.

ತಿನ್ನಲು ಗವಸು ತೆಗೆಯದೆ ತಿನ್ನಬಹುದಾದ ಸಣ್ಣ ಸಣ್ಣ ತುಂಡುಗಳು. ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ಚಳಿಯಲ್ಲೂ ಕಲ್ಲಾಗುವುದಿಲ್ಲ. ಚಾಕೊಲೇಟನ್ನು ಮನೆಯಲ್ಲೇ ತುಂಡು ಮಾಡಿಟ್ಟುಕೊಳ್ಳಿ. ಒಂದೇ ಸಲ ಕೂತು ಊಟ ಮಾಡುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ಮೈ ಬೆಚ್ಚಗಿರುತ್ತದೆ.

ಕಪ್ಪು ಕನ್ನಡಕವೂ ಬೇಕು. ಹೊಸ ಹಿಮ ನೇರಳಾತೀತ ಕಿರಣದ 80 ಶೇಕಡಾದವರೆಗೂ ವಾಪಸ್ ಚಿಮ್ಮಿಸುತ್ತದೆ. ಬಿಸಿಲು ಕೆಳಗಿನಿಂದಲೂ ಬರುವುದರಿಂದ ಸನ್‌ಸ್ಕ್ರೀನ್ ಹಚ್ಚುವಾಗ ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಕೆಳಗೆ ಕೂಡ ಹಚ್ಚಿ.

ಕಾಲಿಗೆ ಮುಳ್ಳು

ಜನಪ್ರಿಯ ಬೆಟ್ಟದ ದೊಡ್ಡ ಸಮಸ್ಯೆ ಜನವೇ. ನೂರಾರು ಕಾಲು ತುಳಿದು ತುಳಿದು ಹಿಮ ಗಟ್ಟಿಯಾಗುತ್ತದೆ, ಹಗಲಿನ ಬಿಸಿಲಿಗೆ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಿಗ್ಗೆ ಹೋದವರಿಗೆ ಸಿಗುವುದು ಹೊಳೆಯುವ ಬಿಳಿ ಪಟ್ಟಿ. ಯಾರೂ ಹೋಗದ ಬೆಟ್ಟದಲ್ಲಿ ಈ ತೊಂದರೆ ಇಷ್ಟು ಇರುವುದಿಲ್ಲ.

ಇದಕ್ಕೆ ಶೂ ಮೇಲೆ ಹಾಕುವ ಮೈಕ್ರೋಸ್ಪೈಕ್ ಬೇಕು. ರಬ್ಬರಿನ ಪಟ್ಟಿ, ಅದಕ್ಕೆ ಸರಪಳಿ, ಸರಪಳಿಗೆ ಸುಮಾರು ಒಂದು ಸೆಂಟಿಮೀಟರ್ ಉದ್ದದ ಉಕ್ಕಿನ ಮುಳ್ಳುಗಳು. ಹಾಕುವ ಕ್ರಮ ಹೀಗೆ: ಕಲ್ಲಿನ ಮೇಲೆ ಕೂತುಕೊಳ್ಳಿ. ಮುಂದೆ ಹಿಂದೆ ಯಾವುದು ಅಂತ ನೋಡಿ ಸರಪಳಿ ಬಿಡಿಸಿ. ಶೂವಿನ ಮೂತಿಯನ್ನು ಮೊದಲು ತೂರಿಸಿ, ಆಮೇಲೆ ಹಿಮ್ಮಡಿಯ ರಬ್ಬರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ಮೇಲೆ ಹತ್ತಿಸಿ. ಚಳಿಗೆ ರಬ್ಬರ್ ಬಿರುಸಾಗಿರುತ್ತದೆ, ಬೆರಳು ನೋಯುತ್ತದೆ, ಅದಕ್ಕೇ ಮನೆಯಲ್ಲಿ ಎರಡು ಸಲ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು, ಸರಪಳಿ ಪಕ್ಕಕ್ಕೆ ಜಾರಿದೆಯಾ ನೋಡಿ. ಮುಳ್ಳು ಪಾದದ ಸರಿ ಕೆಳಗೆ ಇರಬೇಕು.

ಎಲ್ಲಿ ಹಾಕಬೇಕು ಅನ್ನುವುದು ಇನ್ನೂ ಮುಖ್ಯ. ಮಂಜುಗಡ್ಡೆ ಶುರುವಾಗುವುದಕ್ಕೆ ಹತ್ತು ಹೆಜ್ಜೆ ಮೊದಲು, ಸಮತಟ್ಟು ಜಾಗದಲ್ಲಿ ಹಾಕಿ. ಇನ್ನು ಸ್ವಲ್ಪ ದೂರ ನೋಡೋಣ ಅಂತ ಹೋದವರು ಜಾರುವ ಇಳಿಜಾರಿನ ನಡುವೆ ಒಂದು ಕಾಲಿನಲ್ಲಿ ನಿಂತು ಹಾಕಲು ಒದ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹತ್ತುವಾಗ ಇಲ್ಲದೆಯೂ ನಡೆಯಿತು ಅಂತ ಇಳಿಯುವಾಗಲೂ ಹಾಗೇ ಹೋಗಬೇಡಿ. ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಕಾಲು ಸುಸ್ತಾಗಿರುತ್ತದೆ.

ಮೈಕ್ರೋಸ್ಪೈಕ್ ನಡಿಗೆಯ ದಾರಿಗೆ ಮಾತ್ರ. ಕಡಿದಾದ ಗಟ್ಟಿ ಮಂಜುಗಡ್ಡೆಯ ಇಳಿಜಾರು ಎದುರಾದರೆ, ಜಾರಿದರೆ ಕೆಳಗೆ ಎಲ್ಲಿಗೆ ಹೋಗುತ್ತೇನೆ ಅಂತ ಒಮ್ಮೆ ಕೇಳಿಕೊಳ್ಳಿ. ಕೆಳಗೆ ಬಂಡೆ, ಮರ ಅಥವಾ ಪ್ರಪಾತ ಇದ್ದರೆ ಅಲ್ಲಿಗೆ ಕ್ರಾಂಪಾನ್ (ಶೂಗೆ ಬಿಗಿಯುವ ಉದ್ದ ಮುಳ್ಳಿನ ಚೌಕಟ್ಟು), ಹಿಮಗೊಡಲಿ, ಅವನ್ನು ಬಳಸಲು ಕಲಿತ ಕೈ ಬೇಕು. ಇಲ್ಲದಿದ್ದರೆ ಅವತ್ತಿನ ಮಟ್ಟಿಗೆ ನಿಮ್ಮ ತುದಿ ಅದೇ ಜಾಗ.

ಹೊಸ ಹಿಮ ಮಂಡಿಯ ತನಕ ಇದ್ದರೆ ಹಿಮಪಾದುಕೆ, ಅಂದರೆ ಹೂತುಹೋಗದ ಹಾಗೆ ಶೂ ಕೆಳಗೆ ಕಟ್ಟುವ ಅಗಲ ಸ್ನೋಶೂ, ಬೇಕಾಗುತ್ತದೆ. ಅದಿಲ್ಲದೆ ಪ್ರತಿ ಹೆಜ್ಜೆಗೂ ಹೂತುಕೊಂಡು ನಡೆದರೆ ನಿಮಗೂ ಸುಸ್ತು, ನೀವು ಮಾಡಿದ ಗುಂಡಿಗಳು ರಾತ್ರಿ ಗಟ್ಟಿಯಾಗಿ ಮರುದಿನ ಬರುವವರ ಕಾಲು ಮುರಿಯುವ ಹಾಗೆ ಕೂತಿರುತ್ತವೆ. ಊರುಗೋಲು ಎರಡಿರಲಿ, ತುದಿಗೆ ಅಗಲದ ಬಿಲ್ಲೆ ಹಾಕಿ, ಇಲ್ಲದಿದ್ದರೆ ಕೋಲೂ ಹೂತುಹೋಗುತ್ತದೆ.

ಹೊರಡುವ ಮುನ್ನ ಒಂದು ಮೆಸೇಜು

ಮನೆಯಲ್ಲಿರುವ ಒಬ್ಬರಿಗೆ ಬರೆದು ಕಳಿಸಿ: ಯಾವ ಬೆಟ್ಟ, ಯಾವ ದಾರಿ, ಎಷ್ಟು ಜನ, ಗಾಡಿ ಎಲ್ಲಿ ನಿಲ್ಲಿಸಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ, ಮತ್ತು ಎಷ್ಟು ಗಂಟೆ ದಾಟಿದರೂ ಸುದ್ದಿ ಬರದಿದ್ದರೆ ರಕ್ಷಣಾ ತಂಡಕ್ಕೆ ಫೋನ್ ಮಾಡಬೇಕು. ಆ ನಂಬರನ್ನೂ ಅದೇ ಮೆಸೇಜಿನಲ್ಲಿ ಹಾಕಿ. ಬೆಟ್ಟಕ್ಕೆ ಹೋಗ್ತಿದ್ದೀನಿ ಅಂತಷ್ಟೇ ಹೇಳಿ ಹೋದರೆ ಹುಡುಕುವವರಿಗೆ ಏನೂ ಸಿಗುವುದಿಲ್ಲ. ದಾರಿ ತೆರೆದಿದೆಯಾ, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತಲೂ ಆಗಲೇ ನೋಡಿಕೊಳ್ಳಿ.

ಗಾಡಿಯಲ್ಲಿ ಒಂದು ಜೊತೆ ಪೂರ್ತಿ ಒಣ ಬಟ್ಟೆ, ಸಾಕ್ಸ್ ಬಿಟ್ಟಿರಿ.

ದಾರಿಯಲ್ಲಿ

ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ. ಅವರ ವೇಗವೇ ಎಲ್ಲರ ವೇಗ. ಬೇಗ ನಡೆಯುವವರು ಮುಂದೆ ಹೋಗಿ ನಿಂತು ಕಾದರೆ ಅವರಿಗೆ ಚಳಿ ಹಿಡಿಯುತ್ತದೆ, ಹಿಂದಿನವರು ಸೇರಿಕೊಂಡ ತಕ್ಷಣ ಹೊರಟರೆ ಹಿಂದಿನವರಿಗೆ ಉಸಿರು ತೆಗೆದುಕೊಳ್ಳಲೂ ಹೊತ್ತು ಸಿಗುವುದಿಲ್ಲ. ನಿಲ್ಲುವುದು ಐದು ನಿಮಿಷ, ನಿಂತ ಕೂಡಲೇ ದಪ್ಪ ಜಾಕೆಟ್ ಮೈಮೇಲೆ. ಚಳಿ ಆದ ಮೇಲೆ ಹಾಕಿಕೊಳ್ಳುವುದಲ್ಲ, ಆಗುವ ಮೊದಲೇ.

ಸಣ್ಣ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುವವರಿಗೆ ಒಂದು ಮಾತು. ನೀವು ಬೆವರುತ್ತಿರುತ್ತೀರಿ, ಮಗು ಅಲ್ಲಾಡದೆ ಕೂತಿರುತ್ತದೆ. ನಿಮ್ಮ ಮೈಯ ಲೆಕ್ಕದಲ್ಲಿ ಮಗುವಿಗೆ ಬಟ್ಟೆ ಹಾಕಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಕೈ, ಕಾಲು, ಕೆನ್ನೆ ಮುಟ್ಟಿ ನೋಡಿ.

ಮರ ಮುಗಿದು ಬಯಲು ಶುರುವಾಗುವ ಜಾಗದಲ್ಲಿ ನಿಲ್ಲಿ. ಇಡೀ ದಿನದಲ್ಲಿ ಇದೇ ಮುಖ್ಯವಾದ ನಿಲ್ದಾಣ. ಗಾಳಿ ತಡೆಯುವ ಜಾಕೆಟ್, ದಪ್ಪ ಗವಸು, ಮುಖಕ್ಕೆ ಬಟ್ಟೆ, ಎಲ್ಲವನ್ನೂ ಮರದ ಮರೆಯಲ್ಲೇ ಹಾಕಿಕೊಳ್ಳಿ, ಒಂದಿಷ್ಟು ತಿನ್ನಿ, ಕುಡಿಯಿರಿ, ಗಡಿಯಾರ ನೋಡಿ. ಹಿಂದೆ ತಿರುಗಿ ಬಂದ ದಾರಿಯನ್ನೂ ನೋಡಿ, ಯಾಕೆಂದರೆ ಮೋಡ ಕವಿದರೆ ಬಿಳಿ ನೆಲ ಬಿಳಿ ಆಕಾಶ ಒಂದಾಗಿ ಬಂದ ದಾರಿಯೇ ಕಾಣದೆ ಹೋಗಬಹುದು, ಬೀಸುವ ಗಾಳಿ ಹೆಜ್ಜೆ ಗುರುತನ್ನು ಅರ್ಧ ಗಂಟೆಯಲ್ಲಿ ಮುಚ್ಚಿಬಿಡಬಹುದು. ಮುಂದಿನ ಗುರುತು ಕಾಣದಷ್ಟು ಮಂಜು ಇದ್ದರೆ ಇಲ್ಲಿಂದಲೇ ತಿರುಗಿ.

ತುದಿಯಲ್ಲಿ ಅಂಚಿಗೆ ಹೋಗಬೇಡಿ. ಗಾಳಿ ಹಿಮವನ್ನು ತಂದು ತಂದು ಅಂಚಿನಾಚೆ ಸೂರಿನ ಹಾಗೆ ಚಾಚಿಸಿರುತ್ತದೆ, ಮೇಲಿನಿಂದ ನೋಡಿದರೆ ಅದು ಗಟ್ಟಿ ನೆಲದ ಹಾಗೇ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ. ಫೋಟೋಗೆ ಅಂತ ಅಲ್ಲಿಗೆ ಹೋಗುವವರನ್ನು ಕಂಡರೆ ಕರೆದು ಹೇಳಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ನಾನು ಒಮ್ಮೆ ತುದಿಗೆ ಹತ್ತು ಹದಿನೈದು ನಿಮಿಷ ಇರುವಾಗ ತಿರುಗಿದ್ದೇನೆ. 12:30 ಆಗಿತ್ತು, ಅಷ್ಟೇ. ಬಿಸಿಲಿತ್ತು, ತುದಿಯಲ್ಲಿದ್ದವರ ಮಾತು ಕೇಳುತ್ತಿತ್ತು. ಇಳಿಯುವಾಗ ಜೊತೆಯವಳ ಮಂಡಿ ಉಳುಕಿ ಎರಡು ಗಂಟೆಯ ದಾರಿಗೆ ಮೂರೂವರೆ ಗಂಟೆ ಹಿಡಿಯಿತು. ಗಾಡಿ ಹತ್ತಿರ ಬಂದಾಗ ಆಕಾಶದಲ್ಲಿ ಇನ್ನೂ ಬೆಳಕಿತ್ತು. ಆ ಬೆಳಕು ನಾನು ತುದಿಗೆ ಹೋಗದೆ ಉಳಿಸಿದ್ದು.

ಯಾರಿಗಾದರೂ ಚಳಿ ಹಿಡಿದರೆ

ಜೊತೆಗಿರುವವರ ಮೇಲೆ ಒಂದು ಕಣ್ಣಿರಲಿ, ಯಾಕೆಂದರೆ ಚಳಿ ಹಿಡಿದವರಿಗೆ ತಮಗೆ ಚಳಿ ಹಿಡಿದಿದೆ ಅಂತ ಗೊತ್ತಾಗುವುದಿಲ್ಲ. ಮಾತು ತೊದಲುವುದು, ಸುಮ್ಮಸುಮ್ಮನೆ ಗೊಣಗುವುದು, ಸಪಾಟು ನೆಲದಲ್ಲೂ ಮುಗ್ಗರಿಸುವುದು, ಕೈಯಿಂದ ವಸ್ತು ಜಾರುವುದು, ಗುಂಪಿನಿಂದ ಹಿಂದೆ ಬೀಳುವುದು. ಇವು ಕಂಡರೆ ಸುಸ್ತು ಅಂತ ಬಿಡದೆ ಚಳಿ ಅಂತಲೇ ತಿಳಿಯಿರಿ. ಮೈಯ ಒಳಗಿನ ತಾಪಮಾನ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ.

ಗಾಳಿ ಮರೆಗೆ ಕರೆದುಕೊಂಡು ಹೋಗಿ. ಫೋಮ್ ಹಾಸಿನ ಮೇಲೆ ಕೂರಿಸಿ. ಒದ್ದೆ ಬಟ್ಟೆ ತೆಗೆದು ಒಣಗಿದ್ದು ತೊಡಿಸಿ, ಟೋಪಿ ಹಾಕಿ, ಸುತ್ತ ಹೊದಿಕೆ ಸುತ್ತಿ. ಪೂರ್ತಿ ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಬಿಸಿಯಾದ ಸಿಹಿಯಾದ ಪಾನೀಯ, ತಿನ್ನಲು ಏನಾದರೂ ಕೊಡಿ. ಮದ್ಯ ಕೊಡಲೇಬೇಡಿ, ಅದು ಚರ್ಮದ ರಕ್ತನಾಳ ಹಿಗ್ಗಿಸಿ ಇರುವ ಬಿಸಿಯನ್ನೂ ಹೊರಗೆ ಬಿಡುತ್ತದೆ. ನಡುಕ ಇರುವ ತನಕ ಮೈ ಹೋರಾಡುತ್ತಿದೆ ಅಂತ. ಮೈ ಬೆಚ್ಚಗಾಗದೆ, ಮಾತು ಮಂಕಾಗುತ್ತಾ ನಡುಕ ನಿಂತುಹೋದರೆ ಅದು ಗಂಭೀರ, ನಡೆಸಬೇಡಿ, ಮಲಗಿಸಿ, ಮೆಲ್ಲಗೆ ಮುಟ್ಟಿ, ತಕ್ಷಣ ರಕ್ಷಣಾ ತಂಡವನ್ನು ಕರೆಯಿರಿ.

ಮೂಗಿನ ತುದಿ, ಕೆನ್ನೆ, ಕಿವಿಯಲ್ಲಿ ಬಿಳಿ ಮಚ್ಚೆ ಕಂಡು ಅಲ್ಲಿ ಸ್ಪರ್ಶ ಇಲ್ಲ ಅಂದರೆ ಬೆಚ್ಚಗಿನ ಅಂಗೈ ಇಟ್ಟು ಒತ್ತಿ ಹಿಡಿಯಿರಿ. ಉಜ್ಜಬೇಡಿ, ಹಿಮದಿಂದಂತೂ ಉಜ್ಜಲೇಬೇಡಿ. ಬೆರಳುಗಳಾದರೆ ಕಂಕುಳಲ್ಲಿ ಇಟ್ಟುಕೊಳ್ಳಿ. ಬೆರಳು ಗಟ್ಟಿಯಾಗಿ ಮೇಣದ ಹಾಗೆ ಆಗಿದ್ದರೆ ದಾರಿಯಲ್ಲಿ ಕರಗಿಸಲು ಹೋಗಬೇಡಿ, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಜಾಸ್ತಿ. ಮುಚ್ಚಿಕೊಂಡು ಇಳಿದು ನೇರ ಆಸ್ಪತ್ರೆಗೆ ಹೋಗಿ.

ಫೋನ್ ಸಿಗದಿದ್ದರೆ ಸೀಟಿ. ಆಲ್ಪ್ಸ್ ಪರ್ವತದ ಕಡೆಯ ಪದ್ಧತಿ ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ 6 ಸಲ. ಉತ್ತರವಾಗಿ ನಿಮಿಷಕ್ಕೆ 3 ಸಲ ಕೇಳಿದರೆ ಯಾರೋ ಕೇಳಿಸಿಕೊಂಡರು ಅಂತ. ಉತ್ತರ ಅಮೆರಿಕದಲ್ಲಿ 3 ಸಲ ಊದುವುದೇ ಸಹಾಯದ ಕರೆ. ನೀವು ಹೋಗುವ ಕಡೆ ಯಾವುದು ಅಂತ ಮೊದಲೇ ತಿಳಿದುಕೊಂಡಿರಿ.

ಇಳಿಯುವುದು, ಇಳಿದ ಮೇಲೆ

ಇಳಿಯುವಾಗ ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಗ್ಗಿರಲಿ, ಪೂರ್ತಿ ಪಾದ ಊರಿ, ಮುಳ್ಳೆಲ್ಲ ಒಟ್ಟಿಗೆ ಕಚ್ಚಬೇಕು. ಹಿಮ್ಮಡಿ ಮಾತ್ರ ಊರಿದರೆ ಕೆಲವೇ ಮುಳ್ಳು ಹಿಡಿಯುತ್ತವೆ. ಪ್ಯಾಂಟಿನ ಅಂಚಿಗೆ, ಇನ್ನೊಂದು ಶೂವಿನ ಲೇಸಿಗೆ ಮುಳ್ಳು ಸಿಕ್ಕಿಕೊಳ್ಳದ ಹಾಗೆ ಕಾಲು ಸ್ವಲ್ಪ ಅಗಲಿಸಿ ನಡೆಯಿರಿ. ಎದುರಿಗೆ ಹತ್ತುವವರು ಬಂದರೆ ದಾರಿ ಬಿಡಿ, ಆದರೆ ತುಳಿದ ಪಟ್ಟಿಯಿಂದ ಆಚೆ ಕಾಲಿಡುವ ಮೊದಲು ಕೋಲಿನಿಂದ ಆಳ ನೋಡಿ, ಸೊಂಟದ ತನಕ ಹೂಳುವ ಜಾಗ ಪಕ್ಕದಲ್ಲೇ ಇರುತ್ತದೆ. ದಾರಿಯಲ್ಲಿ ಶೌಚಕ್ಕೆ ಹೋಗಬೇಕಾಗಿ ಬಂದರೆ, ನೆಲ ಹೆಪ್ಪುಗಟ್ಟಿರುವಾಗ ಗುಂಡಿ ತೋಡಲು ಬರುವುದಿಲ್ಲ, ಹಿಮದಲ್ಲಿ ಹೂತಿದ್ದೆಲ್ಲ ಕರಗಿದಾಗ ಮೇಲೆ ಬರುತ್ತದೆ, ಆದ್ದರಿಂದ ಟಿಶ್ಯೂ, ಮಲ ಎಲ್ಲವನ್ನೂ ಚೀಲದಲ್ಲಿ ಕಟ್ಟಿಕೊಂಡು ಬನ್ನಿ.

ಗಾಡಿ ಹತ್ತಿರ ಬಂದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಆಮೇಲೆ ಮಾತು. ಮೆಸೇಜು ಕಳಿಸಿದ್ದವರಿಗೆ ಇಳಿದೆವು ಅಂತ ಹೇಳಿ, ಇದನ್ನು ಮರೆತು ಮಲಗಿದವರನ್ನು ಹುಡುಕಿಕೊಂಡು ರಾತ್ರಿಯೆಲ್ಲ ಜನ ಬೆಟ್ಟ ಹತ್ತುವ ಹಾಗೆ ಆಗಬಾರದು. ಮನೆಗೆ ಬಂದು ಮೈಕ್ರೋಸ್ಪೈಕನ್ನು ನೀರಲ್ಲಿ ತೊಳೆದು, ಒರೆಸಿ, ಬಿಡಿಸಿ ಹರವಿ ಒಣಗಿಸಿ, ಚೀಲದಲ್ಲೇ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಶೂ ಒಳಗೆ ಹಳೆ ಪೇಪರ್ ಉಂಡೆ ಮಾಡಿ ತುರುಕಿ, ಬೆಂಕಿಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಟಾರ್ಚ್ ಚಾರ್ಜಿಗೆ ಹಾಕಿ. ಮಲಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟಕ್ಕೆ ಹೊರಟೆವು, ಮರ ಮುಗಿಯುವ ಜಾಗಕ್ಕೆ ಎಷ್ಟಕ್ಕೆ ಬಂದೆವು, ಎಷ್ಟಕ್ಕೆ ತಿರುಗಿದೆವು, ಇಳಿಯಲು ಎಷ್ಟು ಹೊತ್ತು ಹಿಡಿಯಿತು, ಹಿಮ ಹೇಗಿತ್ತು. ಮುಂದಿನ ಸಲ ನೈಸ್ಮಿತ್ ಸೂತ್ರದ ಬದಲು ಈ ಚೀಟಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಬಹುದು.